ಎಚ್‌ಎಎಲ್‌ಗೆ ಅಡಿಪಾಯ ಹಾಕಿದ ಸೇಠ್ ವಾಲಚಂದ್ ಹೀರಾಚಂದ್

ಬೆಂಗಳೂರಿನ ಎಚ್‌ಎಎಲ್ ಇಂದು ಕೇಂದ್ರ ಸರ್ಕಾರದ ಸಂಸ್ಥೆ. ಅದನ್ನು ಆರಂಭಿಸಿದವರು ಸೊಲ್ಲಾಪುರದ ದಿಗಂಬರ ಜೈನ ಮನೆತನದ ಸೇಠ್ ವಾಲಚಂದ್ ಹೀರಾಚಂದ್ ದೋಶಿ ಎಂಬುದು ಜೈನ ಸಮಾಜದಲ್ಲೂ ಅನೇಕರಿಗೆ ತಿಳಿದಿಲ್ಲ.

1882ರ ನವೆಂಬರ್ 23ರಂದು ಜನಿಸಿದ ವಾಲಚಂದರ ತಂದೆ ಹೀರಾಚಂದ್ ನೇಮಚಂದರು ‘ಜೈನ ಬೋಧಕ’ ಪತ್ರಿಕೆಯ ಸ್ಥಾಪಕರು. ಮನೆತನದ ಕಸಬು ಹತ್ತಿ ವ್ಯಾಪಾರ ಮತ್ತು ಲೇವಾದೇವಿ. ಅದು ಒಗ್ಗದ ವಾಲಚಂದರು, ರೈಲ್ವೆ ಗುಮಾಸ್ತರಾಗಿದ್ದ ಲಕ್ಷ್ಮಣರಾವ್ ಫಾಟಕರ ಜೊತೆ ಪಾಲುದಾರರಾಗಿ ರೈಲು ಮಾರ್ಗದ ಗುತ್ತಿಗೆ ಹಿಡಿದರು. ಸಣ್ಣ ಗುತ್ತಿಗೆಯಿಂದ ಬೆಳೆದು 1919ರಲ್ಲಿ ಸಿಂಧಿಯಾ ಹಡಗು ಕಂಪನಿ ಕಟ್ಟಿದವರಲ್ಲಿ ಒಬ್ಬರಾದರು. ಬ್ರಿಟಿಷ್ ಕಂಪನಿಗಳು ಬಾಡಿಗೆ ಇಳಿಸಿ ಇದನ್ನು ಮುಳುಗಿಸಲು ನೋಡಿದಾಗ ಅಂದಿನ ಸರ್ಕಾರ ಕೈಹಿಡಿಯಲಿಲ್ಲ.

ವಿಮಾನ ಕಾರ್ಖಾನೆಗೆ ಮಾತ್ರ ಮೈಸೂರು ಸಂಸ್ಥಾನ ಬೆಂಬಲ ನೀಡಿತು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಸಂಸ್ಥಾನವು 25 ಲಕ್ಷ ರೂಪಾಯಿ ಬಂಡವಾಳ ಹೂಡಿ, 700 ಎಕರೆ ಜಮೀನು ಒದಗಿಸಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ಭಾರತ ಸರ್ಕಾರವೂ 25 ಲಕ್ಷ ರೂಪಾಯಿ ಹಾಕಿ ಪಾಲುದಾರನಾಯಿತು. ಯುದ್ಧ ಸಮೀಪಿಸಿದಾಗ, 1942ರಲ್ಲಿ, ಅದೇ ಸರ್ಕಾರ ವಾಲಚಂದರ ಪಾಲನ್ನು ಕೊಂಡು ಆಡಳಿತವನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಹಣ ಕೈಸೇರಿತಾದರೂ ತಾವು ಹುಟ್ಟುಹಾಕಿದ ಕಾರ್ಖಾನೆ ಅವರ ಕೈತಪ್ಪಿತು.

ಸರ್ ಎಂ. ವಿಶ್ವೇಶ್ವರಯ್ಯನವರ ಜೊತೆ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ತೆರೆಯುವ ಯೋಜನೆಗೂ ಮೈಸೂರು ಸರ್ಕಾರ ಒಲವು ತೋರಿತ್ತು. ಬ್ರಿಟಿಷರ ವಿರೋಧದಿಂದ ಅದು ನಿಂತುಹೋಯಿತು. ಛಲ ಬಿಡದ ವಾಲಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ವಿಶಾಖಪಟ್ಟಣದಲ್ಲಿ ಅವರು ಆರಂಭಿಸಿದ ಹಡಗುಕಟ್ಟೆಯಿಂದ 1948ರಲ್ಲಿ ‘ಜಲ ಉಷಾ’ ನೀರಿಗಿಳಿಯಿತು. 1953ರ ಏಪ್ರಿಲ್ 8ರಂದು ಅವರು ನಿಧನರಾದರು.

ಜಮೀನು, ಪಾಲು ಬಂಡವಾಳ, ಸಾಲಕ್ಕೆ ಖಾತರಿ: ಇಂದು ಸಣ್ಣ ಉದ್ಯಮಿ ಸರ್ಕಾರದಿಂದ ಕೇಳುವುದೂ ಇವನ್ನೇ. ಇಂಥ ನೆರವು ಸಕಾಲಕ್ಕೆ ದೊರೆತರೆ ಒಂದು ಊರಿನ ಭವಿಷ್ಯವೇ ಬದಲಾಗುತ್ತದೆ ಎಂಬುದಕ್ಕೆ ಬೆಂಗಳೂರು ಸಾಕ್ಷಿ. ಜೊತೆಗೆ, ಪಾಲುದಾರನಾಗಿ ಬಂದ ಸರ್ಕಾರ ಮುಂದೆ ಯಜಮಾನನೂ ಆಗಬಹುದು ಎಂಬ ಎಚ್ಚರವನ್ನೂ ವಾಲಚಂದರ ಬದುಕು ಕಲಿಸುತ್ತದೆ.