ಹಲ್ಮಿಡಿ ಕಲ್ಲಿನ ಮೇಲೆ 450 ಎಂದು ಬರೆದಿದೆಯೇ? ಎಂ.ಎಚ್. ಕೃಷ್ಣ ಎಂಬ ಮೇಷ್ಟ್ರ ಕಥೆ

ನವೆಂಬರ್ ಬಂತೆಂದರೆ ಹಲ್ಮಿಡಿ ಶಾಸನದ ಫೋಟೊ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಲು ಶುರು. ಕ್ರಿ.ಶ. 450ರಲ್ಲಿ ಕೆತ್ತಿದ ಕನ್ನಡದ ಮೊದಲ ಶಾಸನ ಎಂಬ ಒಕ್ಕಣೆ ಜೊತೆಗಿರುತ್ತದೆ. ನಾವೂ ಫಾರ್ವರ್ಡ್ ಮಾಡಿದವರೇ. ಆದರೆ ಆ ಕಲ್ಲಿನ ಮೇಲೆ ಇಸವಿಯೇ ಇಲ್ಲ! ಹಾಗಾದರೆ 450 ಎಲ್ಲಿಂದ ಬಂತು? ಅದಕ್ಕೆ ಶಾಸನವನ್ನು ಬೆಳಕಿಗೆ ತಂದವರ ಕೆಲಸ ನೋಡಬೇಕು.

ಡಾ. ಎಂ.ಎಚ್. ಕೃಷ್ಣ ಹುಟ್ಟಿದ್ದು 1892ರಲ್ಲಿ. ಲಂಡನ್ನಿನಲ್ಲಿ ಡಿ.ಲಿಟ್ ಪಡೆದು ಬಂದು ಮೈಸೂರಿನಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ನಿರ್ದೇಶಕರ ಹೊಣೆಯನ್ನೂ ಹೊತ್ತರು. ಹಿಂದೆ ಬಿ.ಎಲ್. ರೈಸ್, ಆರ್. ನರಸಿಂಹಾಚಾರ್, ಆರ್. ಶಾಮಶಾಸ್ತ್ರಿ ಕೂತಿದ್ದ ಕುರ್ಚಿ ಅದು. ಒಂದು ಕಡೆ ಪಾಠ, ಇನ್ನೊಂದು ಕಡೆ ಊರೂರು ಸುತ್ತಾಟ. ಯಾವ ಗುಡಿ ಹೇಗಿದೆ, ಎಲ್ಲಿ ಯಾವ ಶಾಸನವಿದೆ ಎಂಬುದೆಲ್ಲ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಅಚ್ಚಾಗುತ್ತಿತ್ತು.

1929ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅವರು ಉತ್ಖನನ ನಡೆಸಿದರು. ಅಗೆಯುವುದು ಎಂದರೆ ನಿಧಿ ಹುಡುಕುವುದು ಎಂದೇ ಇಂದಿಗೂ ಹಲವರು ತಿಳಿದಿದ್ದಾರೆ. ಅಮಾವಾಸ್ಯೆ ರಾತ್ರಿ ಗುಡಿಯ ಗರ್ಭಗೃಹ ಕೆಡವುವವರ ಸುದ್ದಿ ನೀವೂ ಓದಿರುತ್ತೀರಿ. ಪುರಾತತ್ವಜ್ಞರಿಗೆ ಒಡೆದ ಮಡಕೆಯ ಚೂರೂ ಬೇಕು, ಅದು ಯಾವ ಪದರದಲ್ಲಿ ಸಿಕ್ಕಿತು ಎಂಬುದು ಅದಕ್ಕಿಂತ ಹೆಚ್ಚು ಬೇಕು. ಚಂದ್ರವಳ್ಳಿಯಲ್ಲಿ ಸಿಕ್ಕಿರುವ ಶಾತವಾಹನರ ಮತ್ತು ರೋಮನ್ ನಾಣ್ಯಗಳಿಗೆ ಬೆಲೆ ಬಂದಿದ್ದು ತೂಕದಿಂದಲ್ಲ, ಸಿಕ್ಕ ಜಾಗದಿಂದ. ಗುದ್ದಲಿ ಹಾಕಿ ಕಿತ್ತರೆ ಆ ಮಾಹಿತಿ ಮತ್ತೆ ಸಿಗುವುದಿಲ್ಲ.

ಅಲ್ಲಿನ ಬಂಡೆಯ ಮೇಲಿದ್ದ ಮಯೂರಶರ್ಮನ ಪ್ರಾಕೃತ ಶಾಸನವನ್ನೂ ಕೃಷ್ಣ ಓದಿದರು. ಅವನು ಗೆದ್ದ ರಾಜರ ದೊಡ್ಡ ಪಟ್ಟಿ ಅದರಲ್ಲಿ ಅವರಿಗೆ ಕಂಡಿತು. ನಂತರದ ವಿದ್ವಾಂಸರು ಆ ಓದನ್ನು ಒಪ್ಪಲಿಲ್ಲ, ಅದು ಕೆರೆಯ ಬಗೆಗಿನ ಶಾಸನ ಎಂದರು. ಇದನ್ನು ನಾವು ಕೃಷ್ಣ ಅವರನ್ನು ಹಳಿಯಲು ಹೇಳುತ್ತಿಲ್ಲ. ಬಂಡೆ ಉಳಿದಿತ್ತು, ಓದು ಅಚ್ಚಾಗಿತ್ತು, ಆದ್ದರಿಂದಲೇ ತಿದ್ದಲು ಸಾಧ್ಯವಾಯಿತು.

ಹಲ್ಮಿಡಿಯ ಕಲ್ಲು ಬೇಲೂರು ತಾಲ್ಲೂಕಿನಲ್ಲಿ ಸಿಕ್ಕಿದ್ದು 1936ರಲ್ಲಿ. ಹದಿನಾರು ಸಾಲು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಹಲ್ಮಿಡಿ, ಮೂಳಿವಳ್ಳಿಗಳನ್ನು ಕೊಟ್ಟ ವಿಷಯ. ಕಾಕುಸ್ಥ ಎಂಬ ಕದಂಬ ದೊರೆಯ ಹೆಸರಿದೆ. ಆ ಹೆಸರು, ಅಕ್ಷರಗಳ ಆಕಾರ, ಭಾಷೆಯ ರೂಪ ಇವನ್ನು ಬೇರೆ ಶಾಸನಗಳ ಜೊತೆ ಹೋಲಿಸಿ ವಿದ್ವಾಂಸರು ಸುಮಾರು 450 ಎಂದು ಅಂದಾಜಿಸಿದ್ದಾರೆ. ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋಗುವುದು ಈ ‘ಸುಮಾರು’ ಎಂಬ ಪದವೇ. ಮೊದಲನೆಯದು ಎಂಬ ಮಾತೂ ಈಗ ಗಟ್ಟಿಯಾಗಿಲ್ಲ. ತಾಳಗುಂದದ ಪ್ರಣವೇಶ್ವರ ದೇಗುಲದ ಬಳಿ ಸಿಕ್ಕ ಸಿಂಹಕಟಾಂಜನ ಶಾಸನವನ್ನು ಪುರಾತತ್ವ ಸರ್ವೇಕ್ಷಣ ಇಲಾಖೆ ಕ್ರಿ.ಶ. 370ರದ್ದು ಎಂದಿದೆ.

ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲೂ ಕೃಷ್ಣ ಅಗೆದಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಬ್ರಹ್ಮಗಿರಿ, ಚಂದ್ರವಳ್ಳಿಗಳಿಗೆ ಬಂದು ಪದರ ಪದರವಾಗಿ ಮತ್ತೆ ಉತ್ಖನನ ಮಾಡಿದರು. ಅದೇ ವರ್ಷ ಡಿಸೆಂಬರಿನಲ್ಲಿ ಕೃಷ್ಣ ತೀರಿಕೊಂಡರು.

ಅಂದಹಾಗೆ, ಹಲ್ಮಿಡಿಗೆ ಹೋಗಿ ಸೆಲ್ಫಿ ತೆಗೆದುಕೊಂಡವರಿಗೆ ಒಂದು ವಿಷಯ: ಅಲ್ಲಿರುವುದು ಪ್ರತಿಕೃತಿ. ಮೂಲ ಕಲ್ಲು ಮೈಸೂರಿನ ಪುರಾತತ್ವ ಇಲಾಖೆಯಲ್ಲಿದೆ.