ಜಾನ್ ವಾನ್ ನ್ಯೂಮನ್

ಹಂಗೆರಿಯ ರಾಜಧಾನಿಯಾದ ಬುಡಾಪೆಸ್ಟ್ ನಗರದಲ್ಲಿ 1903ನೆಯ ಇಸವಿ ಡಿಸೆಂಬರ್ 28ರಂದು ಜಾನ್ ವಾನ್ ನ್ಯೂಮನ್ ಜನಿಸಿದನು. ಆತನ ಗಣಿತಪ್ರತಿಭೆ ಬಾಲ್ಯದಲ್ಲಿಯೇ ಪ್ರಕಟವಾಯಿತು. ರಾಸಾಯನಿಕ ತಂತ್ರವಿದ್ಯೆಯನ್ನು ಕಲಿಯುತ್ತಿದ್ದಾಗಲೂ ಗಣಿತವನ್ನು ಕೈಬಿಡಲಿಲ್ಲ. 1926ರಲ್ಲಿ ಎರಡರಲ್ಲಿಯೂ ಪದವಿ ಪಡೆದನು. 1933ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಾಧ್ಯಾಪಕನಾದನು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಆತ ಲಾಸ್ ಅಲಮೋಸ್‌ನ ಪರಮಾಣು ಪ್ರಯೋಗಾಲಯಕ್ಕೆ ಸಲಹೆಗಾರನಾದನು. ಸ್ಫೋಟದ ಒಳಗೆ ನಡೆಯುವುದನ್ನು ಕಣ್ಣಿನಿಂದ ಕಾಣುವಂತಿರಲಿಲ್ಲ. ಅಂಕಿಗಳ ಮೂಲಕ ಅದನ್ನು ಅನುಕರಿಸಿ ಅರಿಯಬೇಕಾಗಿತ್ತು. ಅಂತಹ ಲೆಕ್ಕಗಳಿಗೆ ಮನುಷ್ಯರ ವೇಗ ಸಾಲದಾಯಿತು.

ಅದೇ ಸಮಯದಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬ ತಂತ್ರಜ್ಞರು ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ ಗಣಕಯಂತ್ರವನ್ನು ನಿರ್ಮಿಸುತ್ತಿದ್ದರು. ಸುಮಾರು 18,000 ನಿರ್ವಾತ ಕೊಳವೆಗಳಿದ್ದ ಆ ಯಂತ್ರ ಸೆಕೆಂಡಿಗೆ 5,000 ಸಂಕಲನಗಳನ್ನು ಮಾಡಬಲ್ಲುದಾಗಿತ್ತು. ಆದರೆ ಪ್ರತಿಯೊಂದು ಹೊಸ ಲೆಕ್ಕಕ್ಕೂ ಅದರ ತಂತಿಗಳನ್ನು ಬಿಚ್ಚಿ ಮತ್ತೆ ಜೋಡಿಸಬೇಕಾಗಿತ್ತು. ಅದಕ್ಕೆ ದಿನಗಳೇ ಹಿಡಿಯುತ್ತಿದ್ದವು. ಅಂಕಿಗಳಂತೆಯೇ ಆಜ್ಞೆಗಳನ್ನೂ ಯಂತ್ರದ ಸ್ಮೃತಿಯಲ್ಲಿಯೇ ಇರಿಸಬೇಕೆಂಬ ತತ್ತ್ವವನ್ನು ವಾನ್ ನ್ಯೂಮನ್ 1945ರ ವರದಿಯೊಂದರಲ್ಲಿ ವಿವರಿಸಿದನು. ಆ ವರದಿಯ ಮೇಲೆ ಆತನ ಹೆಸರೊಂದೇ ಇದ್ದಿತು. ಆದರೆ ಆ ವಿಚಾರದಲ್ಲಿ ಎಕರ್ಟ್ ಮತ್ತು ಮಾಕ್ಲಿಯರ ಪಾಲೂ ಇದ್ದುದನ್ನು ಮರೆಯಲಾಗದು.

1948ರಲ್ಲಿ ಎನಿಯಾಕಿನ ತಂತಿಗಳನ್ನು ಮತ್ತೆ ಮತ್ತೆ ಬದಲಿಸಬೇಕಾಗದಂತೆ ಜೋಡಿಸಿ, ಅದರಲ್ಲಿ ಕೆಲವು ಮೂಲ ಆಜ್ಞೆಗಳನ್ನು ನೆಲೆಗೊಳಿಸಲಾಯಿತು. ಆ ಬಳಿಕ ಫಲಕದ ಸ್ವಿಚ್ಚುಗಳನ್ನು ತಿರುಗಿಸಿ ಹೊಸ ಲೆಕ್ಕವನ್ನು ಹೂಡಬಹುದಾಯಿತು. ಈ ತಳಹದಿಯ ಮೇಲೆಯೇ ನ್ಯೂಟ್ರಾನುಗಳ ಚಲನೆಯ ಅನುಕರಣೆ ನಡೆಯಿತು. ಅದರ ಆಜ್ಞಾವಳಿಯನ್ನು ಬರೆದವರಲ್ಲಿ ಆತನ ಪತ್ನಿ ಕ್ಲಾರಾ ಪ್ರಮುಖಳು. 1950ರಲ್ಲಿ ಅದೇ ಯಂತ್ರ ಹವಾಮಾನವನ್ನು ಲೆಕ್ಕಹಾಕಿತು. ಒಂದು ದಿನದ ಮುನ್ಸೂಚನೆಗೆ ಸುಮಾರು ಒಂದು ದಿನವೇ ಬೇಕಾಯಿತು!

ಯಂತ್ರವನ್ನು ಸಿದ್ಧಗೊಳಿಸುವ ಕೆಲಸವನ್ನು ಮುಂದೆ ಯಂತ್ರಕ್ಕೇ ಒಪ್ಪಿಸಲಾಯಿತು. 1956ರಲ್ಲಿ ಐಬಿಎಂ 704 ಯಂತ್ರಕ್ಕಾಗಿ ರಚಿತವಾದ ವ್ಯವಸ್ಥೆಯು ಒಂದು ಲೆಕ್ಕ ಮುಗಿದೊಡನೆ ಮತ್ತೊಂದನ್ನು ತಾನೇ ಆರಂಭಿಸುತ್ತಿತ್ತು. ಇಂದಿನ ಆಪರೇಟಿಂಗ್ ಸಿಸ್ಟಮ್‌ಗಳ ಪೂರ್ವಜರಲ್ಲಿ ಅದೂ ಒಂದು. ಚಂಡಮಾರುತವನ್ನು ಅನುಕರಿಸುವ ತಂತ್ರಾಂಶಕ್ಕೆ ಇಂದು ಸ್ಮೃತಿಯನ್ನೂ ಸಮಯವನ್ನೂ ಹಂಚಿಕೊಡುವುದು ಇಂತಹ ವ್ಯವಸ್ಥೆಯೇ.

ಅರ್ಬುದ ರೋಗಕ್ಕೆ ತುತ್ತಾದ ವಾನ್ ನ್ಯೂಮನ್ 1957ರ ಫೆಬ್ರವರಿ 8ರಂದು, ತನ್ನ 53ನೆಯ ವಯಸ್ಸಿನಲ್ಲಿ ಮೃತನಾದನು. ಆತನ ಗಣಿತ ಸಂಹಾರದ ಅಸ್ತ್ರಕ್ಕೂ ನೆರವಾಯಿತು, ಮಳೆ ಗಾಳಿಗಳನ್ನು ಮುಂಚಿತವಾಗಿ ಅರಿಯುವುದಕ್ಕೂ ದಾರಿಮಾಡಿತು. ಯಂತ್ರ ತನಗಿತ್ತ ಆಜ್ಞೆಯನ್ನು ಪಾಲಿಸುತ್ತದೆ. ಯಾವ ಆಜ್ಞೆಯನ್ನು ಕೊಡಬೇಕೆಂಬ ವಿವೇಕ ಮಾತ್ರ ಮಾನವನದು.