ರಾಮನ್ ಅವರ ಸೋದರಳಿಯ ಪಂಚರತ್ನಂ: ತಿರುಗುವ ಬೆಳಕಿನ ಲೆಕ್ಕ ಬರೆದವರು

ಪ್ರತಿ ಫೆಬ್ರುವರಿ 28ಕ್ಕೆ ನಮ್ಮ ಮೊಬೈಲುಗಳಿಗೆ ಸರ್ ಸಿ.ವಿ. ರಾಮನ್ ಕುರಿತ ಫಾರ್ವರ್ಡುಗಳು ಸಾಲುಸಾಲಾಗಿ ಬರುತ್ತವೆ. ಅವರ ತಂಗಿಯ ಮಗ ಎಸ್. ಪಂಚರತ್ನಂ ಬಗ್ಗೆ ಬರುವುದು ಅಪರೂಪ. ಆದರೆ ಬೆಳಕಿನ ಮೇಲೆ ಕೆಲಸ ಮಾಡುವ ವಿಜ್ಞಾನಿಗಳಿಗೆ ಈ ಹೆಸರು ಯಾವ ದೇಶದಲ್ಲೂ ಹೊಸದಲ್ಲ.

ಹುಟ್ಟಿದ್ದು 1934ರಲ್ಲಿ, ಕಲ್ಕತ್ತೆಯಲ್ಲಿ. ಇಪ್ಪತ್ತರ ಆಸುಪಾಸಿನಲ್ಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಸೇರಿ, ಮಾವನ ಬಳಿ ಹರಳುಗಳ ಅಧ್ಯಯನಕ್ಕೆ ಕೂತರು. ಅಯೋಲೈಟ್ ಎಂಬ ನೇರಳೆ ಛಾಯೆಯ ಹರಳಿನಲ್ಲಿ ಬೆಳಕು ಹೇಗೆ ಸಾಗುತ್ತದೆ ಎಂದು ನೋಡುತ್ತಾ ಹೋದವರು 1956ರಲ್ಲಿ, 22ನೇ ವಯಸ್ಸಿಗೆ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು.

ಅದರಲ್ಲಿ ಇದ್ದದ್ದೇನು? ಬೆಳಕಿನ ಅಲೆ ಕಂಪಿಸುವ ರೀತಿಗೆ ಧ್ರುವೀಕರಣ ಎನ್ನುತ್ತೇವೆ. ಕೆಲವು ಬೆಳಕು ಒಂದೇ ಗೆರೆಯಲ್ಲಿ ಕಂಪಿಸುತ್ತದೆ, ಕೆಲವು ಸ್ಕ್ರೂನಂತೆ ಎಡಕ್ಕೋ ಬಲಕ್ಕೋ ತಿರುಗುತ್ತಾ ಬರುತ್ತದೆ. ಈ ಎಡ-ಬಲವೇ ಬೆಳಕಿನ ಸ್ಪಿನ್. ಹಲವು ತ್ರೀಡಿ ಸಿನಿಮಾ ಕನ್ನಡಕಗಳು ಒಂದು ಕಣ್ಣಿಗೆ ಎಡ, ಇನ್ನೊಂದಕ್ಕೆ ಬಲ ಬಿಡುವುದೂ ಇದನ್ನೇ ನಂಬಿ.

ಈಗ ಒಂದು ಚೆಂಡು ತೆಗೆದುಕೊಳ್ಳಿ. ಇರುವೆಯೊಂದು ನೆತ್ತಿಯಿಂದ ಕಡ್ಡಿಯನ್ನು ಮುಂದಕ್ಕೆ ಹಿಡಿದು ನಡುವಿನ ತನಕ ಇಳಿಯಲಿ. ಕಡ್ಡಿ ತಿರುಗಿಸದೆ ಕಾಲು ಸುತ್ತು ಪಕ್ಕಕ್ಕೆ ನಡೆದು ಮತ್ತೆ ನೆತ್ತಿಗೆ ಏರಲಿ. ದಾರಿಯಲ್ಲಿ ಎಲ್ಲೂ ತಿರುಗಿಸಲೇ ಇಲ್ಲ, ಆದರೂ ಕಡ್ಡಿ 90 ಡಿಗ್ರಿ ತಿರುಗಿರುತ್ತದೆ! ಧ್ರುವೀಕರಣವನ್ನೂ ಹೀಗೆ ಹಂತಹಂತವಾಗಿ ಬದಲಿಸಿ ಮೊದಲಿನ ಸ್ಥಿತಿಗೇ ತಂದರೆ ಅಲೆ ಸ್ವಲ್ಪ ಮುಂದೆಯೋ ಹಿಂದೆಯೋ ಸರಿದಿರುತ್ತದೆ. ಎಷ್ಟು? ಧ್ರುವೀಕರಣಗಳನ್ನು ಗುರುತಿಸುವ ಗೋಳದ ಮೇಲೆ ಆ ಹಾದಿ ಸುತ್ತುವರಿದ ಘನಕೋನದ ಅರ್ಧದಷ್ಟು. ಇದೇ ಪಂಚರತ್ನಂ ಅವರ ಲೆಕ್ಕ.

ಆಗ ಇದನ್ನು ಗಮನಿಸಿದವರು ಕಡಿಮೆ. 1960ರ ದಶಕದ ಆರಂಭದಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದರು, ನಂತರ ಆಕ್ಸ್‌ಫರ್ಡಿಗೆ ಹೋದರು. ಅಲ್ಲೇ 1969ರಲ್ಲಿ ತೀರಿಕೊಂಡರು. ವಯಸ್ಸು ಬರೀ 35.

1984ರಲ್ಲಿ ಬ್ರಿಟನ್ನಿನ ಮೈಕಲ್ ಬೆರಿ ಕ್ವಾಂಟಂ ಲೋಕದಲ್ಲಿ ಇಂಥದ್ದೇ ಸರಿತವನ್ನು ತೋರಿಸಿ ಪ್ರಸಿದ್ಧರಾದರು. ನಮ್ಮವರ ಆವಿಷ್ಕಾರವನ್ನು ವಿದೇಶಿಯರು ಕದ್ದರು ಎಂದು ಫಾರ್ವರ್ಡ್ ಮಾಡುವ ಆಸೆ ಆಯಿತೇ? ತಡೆಯಿರಿ. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಹಳೆಯ ಲೇಖನದತ್ತ ಬೊಟ್ಟು ಮಾಡಿದರು. ಮರುವರ್ಷ ಬೆರಿಯವರೇ ಲೇಖನ ಬರೆದು, ಶೀರ್ಷಿಕೆಯಲ್ಲೇ ಪಂಚರತ್ನಂ ಹೆಸರಿಟ್ಟು, ಮೊದಲ ಶ್ರೇಯವನ್ನು ಅವರಿಗೆ ಕೊಟ್ಟರು. ಈಗ ಅದಕ್ಕೆ ಪಂಚರತ್ನಂ-ಬೆರಿ ಫೇಸ್ ಎಂದೇ ಹೆಸರು. ಕಳ್ಳತನದ ಕಥೆಗೆ ಇಲ್ಲಿ ಜಾಗವಿಲ್ಲ.

ಕಾಗದದಷ್ಟೂ ದಪ್ಪವಿಲ್ಲದ ಚಪ್ಪಟೆ ಲೆನ್ಸುಗಳನ್ನು ಇಂದು ಈ ಲೆಕ್ಕದ ಮೇಲೆ ಕಟ್ಟುತ್ತಾರೆ. ಅದರ ಹತ್ತಿರದ ಬಂಧುವೊಂದು ಮೈಕ್ರೋಸ್ಕೋಪಿನ ಲೆನ್ಸಿನಲ್ಲೂ ಇದೆ. ತಿರುಗುವ ಲೇಸರನ್ನು ಬಲವಾಗಿ ಒಂದು ಚುಕ್ಕೆಗೆ ಒಟ್ಟುಗೂಡಿಸಿದಾಗ ಕಿರಣಗಳು ಬಾಗುತ್ತವೆ, ಆ ಬಾಗಿನಿಂದ ಎಡ-ಬಲ ಸ್ಪಿನ್‌ಗಳಿಗೆ ವಿರುದ್ಧ ಸರಿತ ಸಿಗುತ್ತದೆ, ಬೆಳಕಿನ ಒಂದು ಪಾಲು ಸುಳಿಯಾಗುತ್ತದೆ. ಅಲ್ಲಿ ಸಿಕ್ಕ ಸೂಕ್ಷ್ಮ ಕಣ ಆ ಸುಳಿಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತದೆ. ಲೇಸರಿನ ಸ್ಪಿನ್ ಬದಲಿಸಿದರೆ ಕಣ ಹಿಂದುಮುಂದಾಗಿ ಸುತ್ತತೊಡಗುತ್ತದೆ.